ಕುಂಬಳದ ದಾಸ್ತಾನು: ಕೆಟ್ಟ ಕಾಯಿಯನ್ನು ಗುರುತಿಸುವ ಬಗೆ

ತರಕಾರಿ ವ್ಯಾಪಾರದಲ್ಲಿ ತಿಂಗಳುಗಟ್ಟಲೆ ದಾಸ್ತಾನು ಮಾಡಿ ಇರಿಸಬಹುದಾದ ಪದಾರ್ಥಗಳು ಕೆಲವೇ ಕೆಲವು. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆಗಳನ್ನು ಬಿಟ್ಟರೆ ಆ ಸಾಲಿನಲ್ಲಿ ನಿಲ್ಲುವುದು ಕುಂಬಳ. ಬೂದುಗುಂಬಳವಾಗಲಿ ಸಿಹಿಗುಂಬಳವಾಗಲಿ ಚೆನ್ನಾಗಿ ಬಲಿತು, ಗಾಯವಿಲ್ಲದೆ ಉಗ್ರಾಣ ಸೇರಿದರೆ ಶೀತಲೀಕರಣದ ವೆಚ್ಚವಿಲ್ಲದೆಯೇ ಬಹುಕಾಲ ಕೆಡದೆ ಉಳಿಯುತ್ತದೆ. ಆದರೆ ಈ ಗುಣವೇ ವರ್ತಕರನ್ನು ಮೈಮರೆಯುವಂತೆ ಮಾಡುವುದೂ ಉಂಟು. ಸೊಪ್ಪು ಬಾಡಿದರೆ ಕಣ್ಣಿಗೆ ಕಾಣುತ್ತದೆ, ಟೊಮೆಟೊ ಕೊಳೆತರೆ ಪೆಟ್ಟಿಗೆಯೇ ಸೋರುತ್ತದೆ. ಕುಂಬಳ ಮಾತ್ರ ಗಟ್ಟಿ ಸಿಪ್ಪೆಯೊಳಗೆ ತನ್ನ ಕೊಳೆತವನ್ನು ಕೊನೆಯ ಗಳಿಗೆಯವರೆಗೂ ಮುಚ್ಚಿಟ್ಟುಕೊಳ್ಳುತ್ತದೆ.

ಸಗಟು ವ್ಯಾಪಾರಿಗೆ ಇದು ಹಣದ ನಷ್ಟ. ಪೇಠಾ, ಕಾಶಿ ಹಲ್ವ, ಸಂಡಿಗೆ, ಹಣ್ಣುರಸ, ಸಾಂಬಾರ್ ಮಿಶ್ರಣ ಮುಂತಾದವುಗಳನ್ನು ತಯಾರಿಸುವ ಸಣ್ಣ ಉದ್ಯಮಿಗೆ ಹಣದ ಜೊತೆಗೆ ಹೆಸರಿನ ಹಾಗೂ ಗ್ರಾಹಕರ ಆರೋಗ್ಯದ ಪ್ರಶ್ನೆ. ಆದುದರಿಂದ ಕಾಯಿಯನ್ನು ಒಡೆಯದೆಯೇ ಅದರ ಸ್ಥಿತಿಯನ್ನು ಎಷ್ಟರಮಟ್ಟಿಗೆ ತಿಳಿಯಬಹುದು, ಒಡೆದ ಮೇಲೆ ಏನನ್ನು ನೋಡಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲಿಗೆ ಹೆಸರಿನ ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳಿತು. ಸ್ಕ್ವಾಷ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಕಿತ್ತಳೆ ಪಾನಕದ ಬಾಟಲಿ ನೆನಪಾಗುತ್ತದೆ. ವಿದೇಶೀ ವ್ಯಾಪಾರದ ಪತ್ರಗಳಲ್ಲಿ ಈ ಪದ ಕುಂಬಳದ ಜಾತಿಯ ಕಾಯಿಗಳನ್ನು ಸೂಚಿಸುತ್ತದೆ. ಅಂತರರಾಷ್ಟ್ರೀಯ ಸರಕು ವರ್ಗೀಕರಣದಲ್ಲಿ ಸಿಹಿಗುಂಬಳ ಮತ್ತು ಸ್ಕ್ವಾಷ್‌ಗಳಿಗೆ 0709.93 ಎಂಬ ಪ್ರತ್ಯೇಕ ಸಂಖ್ಯೆಯಿದೆ. ಅದು ಕುಕುರ್ಬಿಟ ಕುಲದ ಕಾಯಿಗಳಿಗೆ ಮಾತ್ರ ಅನ್ವಯಿಸುತ್ತದೆ. ನಮ್ಮ ಬೂದುಗುಂಬಳ ಬೆನಿನ್ಕಾಸ ಎಂಬ ಬೇರೆಯೇ ಕುಲಕ್ಕೆ ಸೇರಿದ್ದು. ರಫ್ತು ಮಾಡುವವರು ಎರಡನ್ನೂ ಒಂದೇ ಸಾಲಿನಲ್ಲಿ ಬರೆಯದಿರುವುದು ಲೇಸು.

ಕೊಳೆತದ ಬಾಗಿಲು

ಕುಂಬಳದ ಸಿಪ್ಪೆ ಅಖಂಡವಾಗಿರುವವರೆಗೆ ಶಿಲೀಂಧ್ರಗಳಿಗಾಗಲಿ ಬ್ಯಾಕ್ಟೀರಿಯಾಗಳಿಗಾಗಲಿ ಒಳಗೆ ಪ್ರವೇಶ ಸುಲಭವಲ್ಲ. ಅವು ಹೊಕ್ಕುವುದು ಸಾಮಾನ್ಯವಾಗಿ ತೊಟ್ಟು ಮುರಿದ ಜಾಗ, ಸಾಗಾಣಿಕೆಯಲ್ಲಿ ಜಜ್ಜಿದ ಅಥವಾ ತರಚಿದ ಜಾಗ ಮತ್ತು ಹೊಲದಲ್ಲಿ ಹಣ್ಣುನೊಣ ಚುಚ್ಚಿದ ಜಾಗಗಳ ಮೂಲಕ. ಹೊಲದಲ್ಲಿ ನೆಲಕ್ಕೆ ತಾಗಿಕೊಂಡಿದ್ದ ಮಗ್ಗುಲೂ ದುರ್ಬಲವಾಗಿರುತ್ತದೆ. ಉಗ್ರಾಣದಲ್ಲಿ ಮೂರು ವಾರಗಳ ನಂತರ ಕಾಣಿಸಿಕೊಳ್ಳುವ ಕೊಳೆತದ ಬೀಜ ಬಹುಪಾಲು ಸಂದರ್ಭಗಳಲ್ಲಿ ಕೊಯ್ಲಿನ ದಿನ ಅಥವಾ ಲಾರಿಯಿಂದ ಇಳಿಸಿದ ದಿನವೇ ಬಿದ್ದಿರುತ್ತದೆ. ದಾಸ್ತಾನು ಕೆಟ್ಟಿತೆಂದು ಉಗ್ರಾಣವನ್ನು ದೂರುವ ಮುನ್ನ ಮಾಲು ಬಂದಿಳಿದ ಬಗೆಯನ್ನು ವಿಚಾರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಹೀಗಾಗಿ ಪರೀಕ್ಷೆ ತೊಟ್ಟಿನಿಂದ ಆರಂಭವಾಗಬೇಕು. ಎರಡು ಮೂರು ಬೆರಳಗಲದಷ್ಟು ತೊಟ್ಟು ಉಳಿದಿದ್ದು, ಅದು ಒಣಗಿ ಗಟ್ಟಿಯಾಗಿದ್ದರೆ ಬಾಗಿಲು ಭದ್ರವಾಗಿದೆ ಎಂದರ್ಥ. ತೊಟ್ಟು ಬುಡಸಹಿತ ಕಿತ್ತುಹೋಗಿದ್ದರೆ, ಅಥವಾ ಅದರ ಸುತ್ತ ಒದ್ದೆ, ಕಪ್ಪು ಛಾಯೆ, ಬಿಳಿಯ ಬೂಷ್ಟು ಕಂಡರೆ ಆ ಕಾಯಿಯನ್ನು ದಾಸ್ತಾನಿಗೆ ಹಾಕಬಾರದು. ತೊಟ್ಟಿನ ಬುಡವನ್ನು ಹೆಬ್ಬೆರಳಿನಿಂದ ಒತ್ತಿದಾಗ ಒಳಕ್ಕೆ ಕುಸಿದರೆ ಒಳಗೆ ಕೊಳೆತ ಆರಂಭವಾಗಿದೆಯೆಂದೇ ತಿಳಿಯಬೇಕು. ಕಾಯಿಯನ್ನು ತೊಟ್ಟು ಹಿಡಿದು ಎತ್ತುವ ರೂಢಿಯನ್ನು ಹಮಾಲರಲ್ಲಿ ಬಿಡಿಸಬೇಕು. ಐದು ಕಿಲೋ ತೂಗುವ ಕಾಯಿಯ ಭಾರವನ್ನೆಲ್ಲ ತೊಟ್ಟು ಹೊತ್ತರೆ ಅದರ ಬುಡದಲ್ಲಿ ಕಣ್ಣಿಗೆ ಕಾಣದ ಬಿರುಕು ಮೂಡುತ್ತದೆ.

ತೊಟ್ಟಿನ ನಂತರ ಕಾಯಿಯನ್ನು ತಲೆಕೆಳಗಾಗಿಸಿ ಹೂ ಉದುರಿದ ತುದಿಯನ್ನೂ, ನೆಲಕ್ಕೆ ತಾಗಿದ್ದ ಮಗ್ಗುಲನ್ನೂ ನೋಡಬೇಕು. ಆ ಮಗ್ಗುಲು ಹಳದಿ ಅಥವಾ ಬಿಳಿಚಾಗಿರುವುದು ದೋಷವಲ್ಲ, ಬಿಸಿಲು ಬೀಳದ ಕಾರಣ ಬಂದ ಬಣ್ಣವದು. ಅಲ್ಲಿ ನೀರು ಹೀರಿದಂತಹ ಕಲೆ, ಮೆತ್ತಗಿನ ತಗ್ಗು ಅಥವಾ ಉಂಗುರಾಕಾರದ ಕಪ್ಪು ಚುಕ್ಕೆಗಳಿದ್ದರೆ ಅದು ದೋಷ. ಅಂಟಿನ ಹನಿಯಂತೆ ಗಟ್ಟಿಯಾದ ಕಂದು ಮಣಿಯೊಂದು ಸಿಪ್ಪೆಗೆ ಅಂಟಿದ್ದರೆ ಅದು ಹಣ್ಣುನೊಣ ಎಳೆಯ ಕಾಯಿಯನ್ನು ಚುಚ್ಚಿ ಮೊಟ್ಟೆಯಿಟ್ಟ ಗುರುತಾಗಿರಬಹುದು. ಹೊರಗೆ ಸಾಸಿವೆ ಕಾಳಿನಷ್ಟು ಗಾಯವಿದ್ದರೂ ಒಳಗೆ ಹುಳುಗಳು ತಿರುಳನ್ನು ತಿಂದು ಕೊಳೆಸಿರುವ ಸಾಧ್ಯತೆಯುಂಟು. ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಅರ್ಕ ಸೂರ್ಯಮುಖಿ ಎಂಬ ಸಿಹಿಗುಂಬಳದ ತಳಿ ಹಣ್ಣುನೊಣದ ಬಾಧೆಯನ್ನು ತಡೆದುಕೊಳ್ಳುತ್ತದೆ. ಕಾಯಿ ಸುಮಾರು ಒಂದು ಕಿಲೋ ಗಾತ್ರದ್ದಾದುದರಿಂದ ಚಿಲ್ಲರೆ ವ್ಯಾಪಾರಕ್ಕೂ ಅನುಕೂಲ. ಬೆಳೆಗಾರರೊಡನೆ ನೇರ ಒಪ್ಪಂದ ಮಾಡಿಕೊಳ್ಳುವವರು ಈ ಸಂಗತಿಯನ್ನು ಗಮನದಲ್ಲಿರಿಸಿಕೊಳ್ಳಬಹುದು.

ಬೂದಿಯ ಸಾಕ್ಷ್ಯ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಕಳ್ಳನ ಹೆಗಲಿಗೆ ಅಂಟಿದ ಆ ಬೂದಿ ವ್ಯಾಪಾರಿಗೂ ಸಾಕ್ಷಿ ನುಡಿಯುತ್ತದೆ. ಎಳೆಯ ಬೂದುಗುಂಬಳದ ಮೈಮೇಲೆ ರೋಮಗಳಿರುತ್ತವೆ. ಬಲಿತಂತೆ ಅವು ಉದುರಿ, ಬಿಳಿಯ ಮೇಣದ ಪುಡಿ ಮೈತುಂಬ ಆವರಿಸುತ್ತದೆ. ಈ ಮೇಣ ತೇವಾಂಶ ಆರಿಹೋಗದಂತೆ ತಡೆಯುತ್ತದೆ, ಸೂಕ್ಷ್ಮಜೀವಿಗಳಿಗೂ ಅಡ್ಡವಾಗುತ್ತದೆ. ಬೂದಿ ದಟ್ಟವಾಗಿ ಸಮನಾಗಿ ಇದ್ದರೆ ಕಾಯಿ ಬಲಿತಿದೆ, ಹೆಚ್ಚು ಕೈ ಬದಲಾಗಿಲ್ಲ ಎಂದು ತಿಳಿಯಬಹುದು. ಅಲ್ಲಲ್ಲಿ ಒರೆಸಿಹೋಗಿ ಹಸಿರು ಸಿಪ್ಪೆ ಕಾಣುತ್ತಿದ್ದರೆ ಕಾಯಿಯನ್ನು ಹಲವು ಬಾರಿ ಇಳಿಸಿ ಏರಿಸಲಾಗಿದೆ. ಅದು ಕೆಟ್ಟಿದೆಯೆಂದಲ್ಲ, ಆದರೆ ದೀರ್ಘ ದಾಸ್ತಾನಿಗೆ ತಕ್ಕುದಲ್ಲ. ಮೈಮೇಲೆ ಬೂದಿಯೇ ಮೂಡದೆ ರೋಮಗಳಿನ್ನೂ ಇರುವ ಕಾಯಿ ಎಳೆಯದು. ಅದನ್ನು ಆ ವಾರದಲ್ಲೇ ಮಾರಿಬಿಡಬೇಕು. ಕಾಯಿಯನ್ನು ತೊಳೆದು ಹೊಳಪುಗೊಳಿಸಿ ಜೋಡಿಸುವುದು ನೋಟಕ್ಕೆ ಚೆನ್ನ, ದಾಸ್ತಾನಿಗೆ ಹಾನಿ.

ಆಯುಧಪೂಜೆಯ ಸಮಯದಲ್ಲಿ ಬೂದುಗುಂಬಳದ ಬೇಡಿಕೆ ಏರುವುದು ಸರ್ವವಿದಿತ. ದೃಷ್ಟಿ ತೆಗೆದು ಒಡೆಯುವ ಕಾಯಿಯ ರುಚಿಯನ್ನು ಯಾರೂ ನೋಡುವುದಿಲ್ಲವೆಂದು ಹಳೆಯ ಸರಕನ್ನು ಅಂದೇ ಸಾಗಹಾಕುವ ವಾಡಿಕೆ ಕೆಲವರಲ್ಲಿದೆ. ಹೊಸ ಯಂತ್ರದ ಮುಂದೆ ಒಡೆದ ಕಾಯಿಯಿಂದ ದುರ್ನಾತ ಹೊಮ್ಮಿದರೆ ಆ ಗಿರಾಕಿ ಮರುವರ್ಷ ಅದೇ ಅಂಗಡಿಗೆ ಬರುವನೇ? ಹಬ್ಬದ ಮರುದಿನ ಬೆಲೆ ಇಳಿಯಿತೆಂದು ಉಳಿಕೆ ಮಾಲನ್ನು ರಾಶಿಯಾಗಿ ಕೊಳ್ಳುವ ಪೇಠಾ ತಯಾರಕರೂ ಎಚ್ಚರ ವಹಿಸಬೇಕು. ರಸ್ತೆಬದಿಯ ರಾಶಿಗಳಲ್ಲಿ ಬಿಸಿಲು ಮಳೆಗಳಿಗೆ ಒಡ್ಡಿಕೊಂಡು, ನೂರಾರು ಕೈಗಳು ಎತ್ತಿ ಇಳಿಸಿದ ಕಾಯಿಗಳವು.

ತೂಕ ಮತ್ತು ಶಬ್ದ

ಒಂದೇ ಗಾತ್ರದ ಎರಡು ಕಾಯಿಗಳಲ್ಲಿ ಒಂದು ಹಗುರವಾಗಿದ್ದರೆ ಅದು ಒಳಗೊಳಗೇ ಒಣಗಿದೆ. ಇದು ಮುಪ್ಪಿನ ಲಕ್ಷಣ, ಕೊಳೆತದ್ದಲ್ಲ. ಬೆರಳಿನಿಂದ ತಟ್ಟಿ ಶಬ್ದ ಕೇಳುವ ಪದ್ಧತಿ ಮಂಡಿಗಳಲ್ಲಿ ಬಹಳ ಪ್ರಚಾರದಲ್ಲಿದೆ. ಬಲಿತ ಕಾಯಿ ಟೊಳ್ಳಾಗಿ ಧ್ವನಿಸುತ್ತದೆ ಎಂಬುದು ನಿಜವೂ ಹೌದು. ಆದರೆ ತೊಟ್ಟಿನ ಬುಡದಲ್ಲಿ ಅಂಗೈಯಗಲ ಕೊಳೆತಿರುವ ಕಾಯಿಯೂ ಮಧ್ಯದಲ್ಲಿ ತಟ್ಟಿದರೆ ಅದೇ ಧ್ವನಿಯನ್ನು ಕೊಡಬಲ್ಲುದು. ಶಬ್ದವೊಂದನ್ನೇ ನಂಬಿ ಲಾರಿ ಮಾಲು ಕೊಳ್ಳುವುದು ಜಾಣತನವಲ್ಲ. ಕಾಯಿಯನ್ನು ಕಿವಿಯ ಬಳಿ ಮೆಲ್ಲನೆ ಅಲುಗಿಸಿದಾಗ ನೀರು ತುಳುಕಿದಂತೆ ಕೇಳಿಸಿದರೆ ಮಾತ್ರ ಸಂಶಯಕ್ಕೆ ಎಡೆಯಿಲ್ಲ, ತಿರುಳು ಕರಗಿ ನೀರಾಗಿದೆ.

ಒಡೆದ ಮೇಲೆ

ಇಲ್ಲಿ ಹಳತಾದ ಕಾಯಿಗೂ ಕೆಟ್ಟ ಕಾಯಿಗೂ ಇರುವ ಭೇದವನ್ನು ಸ್ಪಷ್ಟವಾಗಿ ಅರಿಯಬೇಕು. ಇದನ್ನು ತಿಳಿಯದೆ ಉಪಯುಕ್ತ ಮಾಲನ್ನು ತಿಪ್ಪೆಗೆ ಎಸೆಯುವವರೂ ಇದ್ದಾರೆ, ಎಸೆಯಬೇಕಾದುದನ್ನು ಬಾಣಲೆಗೆ ಹಾಕುವವರೂ ಇದ್ದಾರೆ.

ಸಿಹಿಗುಂಬಳವನ್ನು ಕತ್ತರಿಸಿದೊಡನೆ ಕತ್ತಿಯ ಗಾಯದ ಮೇಲೆ ಸಣ್ಣ ಸಣ್ಣ ಹನಿಗಳು ಮೂಡುತ್ತವೆ. ಮುಟ್ಟಿದರೆ ಕೈಗೆ ಅಂಟಿ, ಒಣಗಿದಾಗ ಚರ್ಮ ಬಿಗಿದಂತಾಗುತ್ತದೆ. ಇದು ಕಾಯಿಯ ಸಹಜವಾದ ಸೊನೆ, ತಾಜಾತನದ ಲಕ್ಷಣವೇ ಹೊರತು ದೋಷವಲ್ಲ. ಬೀಜದ ಸುತ್ತಲಿನ ನಾರು ಒಣಗಿ ಎಳೆಎಳೆಯಾಗಿರುವುದು, ನಡುವಿನ ಪೊಳ್ಳು ದೊಡ್ಡದಾಗಿರುವುದು, ತಿರುಳು ತುಸು ನಾರುನಾರಾಗಿರುವುದು ಇವು ಮುಪ್ಪಿನ ಗುರುತುಗಳು. ಕೆಲವೊಮ್ಮೆ ಬೀಜಗಳು ಕಾಯಿಯೊಳಗೇ ಮೊಳೆತಿರುತ್ತವೆ. ತಿರುಳು ಗಟ್ಟಿಯಾಗಿದ್ದು ವಾಸನೆ, ರುಚಿಗಳು ಸರಿಯಿದ್ದರೆ ಇಂತಹ ಕಾಯಿ ಅಡುಗೆಗೆ ಬರುತ್ತದೆ. ಇಳುವರಿ ಮಾತ್ರ ಕಡಿಮೆ. ಬೂದುಗುಂಬಳ ಹಳತಾದಾಗ ಬೀಜದ ಭಾಗ ಹತ್ತಿಯಂತೆ ಹಗುರವಾಗಿ ಜಾಳುಜಾಳಾಗುತ್ತದೆ. ಆ ಭಾಗವನ್ನು ತೆಗೆದುಹಾಕಿದರೆ ಸುತ್ತಲಿನ ಬಿಳಿಯ ತಿರುಳು ಬಳಕೆಗೆ ಯೋಗ್ಯ.

ಕೆಟ್ಟ ಕಾಯಿಯ ಲಕ್ಷಣಗಳು ಬೇರೆ. ತಿರುಳು ಗಾಜಿನಂತೆ ಪಾರದರ್ಶಕವಾಗಿ ನೀರು ತುಂಬಿಕೊಂಡಿರುವುದು, ಬೆರಳು ತಾಗಿಸಿದರೆ ಲೋಳೆಯಂತೆ ಜಾರುವುದು, ಬಿಳಿಯ ತಿರುಳು ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿರುವುದು, ಪೊಳ್ಳಿನಲ್ಲಿ ಬೂಷ್ಟು ಹಬ್ಬಿರುವುದು, ಹುಳಿ ಅಥವಾ ಹೆಂಡದಂತಹ ವಾಸನೆ ಬರುವುದು. ಇವುಗಳಲ್ಲಿ ಒಂದಿದ್ದರೂ ಸಾಕು, ಆ ಕಾಯಿ ತಯಾರಿಕೆಗೆ ಅನರ್ಹ. ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ತೆಗೆದು ಉಳಿದುದನ್ನು ಬಳಸುವ ರೂಢಿ ಮನೆಗಳಲ್ಲಿರಬಹುದು. ಉದ್ಯಮದಲ್ಲಿ ಅದು ಸಲ್ಲದು, ಏಕೆಂದರೆ ಕಾಯಿಯ ತಿರುಳು ಮೃದುವಾಗಿದ್ದಷ್ಟೂ ಬೂಷ್ಟಿನ ಎಳೆಗಳು ಮತ್ತು ಬ್ಯಾಕ್ಟೀರಿಯಾಗಳು ಕಣ್ಣಿಗೆ ಕಾಣುವ ಗಡಿಯನ್ನು ದಾಟಿ ಮುಂದೆ ಹೋಗಿರುತ್ತವೆ.

ಪೇಠಾ ತಯಾರಕರಿಗೆ ಇನ್ನೊಂದು ಸೂಚನೆಯುಂಟು. ಬೂದುಗುಂಬಳದ ಹೋಳುಗಳನ್ನು ಸುಣ್ಣದ ತಿಳಿನೀರಿನಲ್ಲಿ ನೆನೆಯಿಸುವುದು ಅವು ಪಾಕದಲ್ಲಿ ಕುದಿಯುವಾಗ ಕರಗದೆ ಗಟ್ಟಿಯಾಗಿ ನಿಲ್ಲಲೆಂದು. ಸುಣ್ಣದಲ್ಲಿರುವ ಕ್ಯಾಲ್ಸಿಯಂ ತಿರುಳಿನಲ್ಲಿರುವ ಪೆಕ್ಟಿನ್ ಎಂಬ ಅಂಟುಪದಾರ್ಥದೊಡನೆ ಬೆಸೆದುಕೊಂಡು ಹೋಳನ್ನು ಬಿಗಿಗೊಳಿಸುತ್ತದೆ. ಮೆದುಕೊಳೆತದ ಬ್ಯಾಕ್ಟೀರಿಯಾಗಳು ಮೊದಲು ಕರಗಿಸುವುದು ಈ ಪೆಕ್ಟಿನ್ನನ್ನೇ. ಆದ್ದರಿಂದ ಕೊಳೆತ ಆರಂಭವಾದ ಕಾಯಿಯ ಹೋಳು ಎಷ್ಟು ಹೊತ್ತು ನೆನೆದರೂ ಗಟ್ಟಿಯಾಗುವುದಿಲ್ಲ. ಒಂದೇ ತೊಟ್ಟಿಯಲ್ಲಿ ಕೆಲವು ಹೋಳುಗಳು ಬಿಗಿದು ಕೆಲವು ಮೆತ್ತಗೇ ಉಳಿದರೆ ಸುಣ್ಣದ ಪ್ರಮಾಣ ಹೆಚ್ಚಿಸುವುದು ಪರಿಹಾರವಲ್ಲ. ಆ ಹೋಳುಗಳು ಯಾವ ಕಾಯಿಯಿಂದ, ಯಾವ ಲಾರಿಯಿಂದ ಬಂದವೆಂಬುದನ್ನು ಪತ್ತೆಹಚ್ಚಬೇಕು.

ಕಹಿ ಎಂಬ ಬೇರೆಯ ಅಪಾಯ

ಇಲ್ಲಿಯವರೆಗೆ ಹೇಳಿದುದು ಕೊಳೆತದ ವಿಚಾರ. ಹೊರಗೂ ಒಳಗೂ ನಿರ್ದೋಷಿಯಾಗಿ ಕಾಣುವ, ಆದರೆ ತಿನ್ನಬಾರದ ಕಾಯಿಯೂ ಇರುತ್ತದೆ. ಕುಂಬಳ, ಸೋರೆ, ಸೌತೆ, ಹೀರೆಗಳ ಕುಟುಂಬದ ಸಸ್ಯಗಳಲ್ಲಿ ಕುಕುರ್ಬಿಟಾಸಿನ್ ಎಂಬ ಅತಿ ಕಹಿಯಾದ ವಿಷಪದಾರ್ಥಗಳು ಸ್ವಾಭಾವಿಕವಾಗಿ ಉಂಟಾಗಬಲ್ಲವು. ಬೇಸಾಯದ ತಳಿಗಳಲ್ಲಿ ಇವು ನಗಣ್ಯ ಪ್ರಮಾಣದಲ್ಲಿರುತ್ತವೆ. ಕಾಡು ಅಥವಾ ಅಲಂಕಾರಿಕ ತಳಿಗಳೊಡನೆ ಪರಾಗ ಬೆರೆತ ಬೀಜವನ್ನು ಬಿತ್ತಿದಾಗ, ಅಥವಾ ಗಿಡ ತೀವ್ರ ಬರ, ಬಿಸಿಲುಗಳ ಒತ್ತಡಕ್ಕೆ ಸಿಲುಕಿದಾಗ ಕಹಿ ಮರುಕಳಿಸುತ್ತದೆ.

2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿಯಾದ ಸೋರೆಕಾಯಿ ರಸವನ್ನು ಕುಡಿದು ಮೃತಪಟ್ಟ ಪ್ರಕರಣದ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ರಸ ತೆಗೆಯುವ ಮೊದಲು ಒಂದು ಚೂರನ್ನು ರುಚಿ ನೋಡಬೇಕು, ಕಹಿಯಿದ್ದರೆ ಕಾಯಿಯನ್ನು ಸಂಪೂರ್ಣವಾಗಿ ತ್ಯಜಿಸಬೇಕು, ಬೇರೆ ರಸಗಳೊಡನೆ ಬೆರೆಸಬಾರದು ಎಂಬುದು ಸಮಿತಿಯ ಸಲಹೆಗಳ ಸಾರ. 2015ರಲ್ಲಿ ಜರ್ಮನಿಯಲ್ಲಿ ವೃದ್ಧರೊಬ್ಬರು ಮನೆಯ ತೋಟದ ಕುಂಬಳಜಾತಿಯ ಜುಕಿನಿ ಕಾಯಿಯ ಅಡುಗೆಯನ್ನು ಉಂಡು ಇದೇ ಕಾರಣದಿಂದ ತೀರಿಕೊಂಡರು. ಅದು ಬೇಯಿಸಿದ ಅಡುಗೆ ಎಂಬುದನ್ನು ಗಮನಿಸಬೇಕು. ಈ ವಿಷ ಬೇಯಿಸಿದರೂ ನಾಶವಾಗುವುದಿಲ್ಲ.

ಬೆಂಗಳೂರಿನ ಉದ್ಯಾನಗಳ ಬಳಿ ಬೆಳಗಿನ ಹೊತ್ತು ಬೂದುಗುಂಬಳದ ರಸ ಮಾರುವವರಿಂದ ಹಿಡಿದು ಬಾಟಲಿಗಳಲ್ಲಿ ತುಂಬಿ ಕಳುಹಿಸುವ ಘಟಕಗಳವರೆಗೆ ಎಲ್ಲರೂ ಪ್ರತಿಯೊಂದು ಕಾಯಿಯಿಂದಲೂ ಕಡಲೆಕಾಳಿನಷ್ಟು ಚೂರನ್ನು ನಾಲಿಗೆಗೆ ಸೋಕಿಸಿ ಉಗುಳುವ ಪದ್ಧತಿಯನ್ನು ಇಟ್ಟುಕೊಳ್ಳುವುದು ಅವಶ್ಯ. ಒಂದು ರಾಶಿಗೆ ಒಂದು ಮಾದರಿ ಎಂಬ ಲೆಕ್ಕ ಇಲ್ಲಿ ನಡೆಯದು, ಏಕೆಂದರೆ ಒಂದೇ ಹೊಲದಲ್ಲಿ ಒಂದು ಬಳ್ಳಿ ಮಾತ್ರ ಕಹಿಯಾಗಿರಬಹುದು. ಸಕ್ಕರೆ, ನಿಂಬೆ, ಶುಂಠಿಗಳಿಂದ ಕಹಿಯನ್ನು ಮರೆಮಾಡುವುದು ಅಪರಾಧಕ್ಕೆ ಸಮಾನ. ಕೊಳೆತ ಕಾಯಿಯಿಂದ ವ್ಯಾಪಾರಕ್ಕೆ ನಷ್ಟವಾಗುತ್ತದೆ. ಇದರಿಂದ ಜೀವಕ್ಕೆ ಹಾನಿ.

ಉಗ್ರಾಣದ ಏರ್ಪಾಡು

ಮಲೆನಾಡು, ಕರಾವಳಿಗಳ ಮನೆಗಳಲ್ಲಿ ಬೂದುಗುಂಬಳ, ಮಂಗಳೂರು ಸೌತೆಗಳನ್ನು ಬಾಳೆನಾರು ಅಥವಾ ತೆಂಗಿನ ಗರಿಯ ಎಳೆಗಳಿಂದ ಕಟ್ಟಿ ಮಾಡಿಗೆ ತೂಗುಹಾಕಿ ಮಳೆಗಾಲವಿಡೀ ಬಳಸುವ ಪದ್ಧತಿ ಪ್ರಸಿದ್ಧ. ಇದರ ಹಿಂದಿನ ತತ್ತ್ವ ಸರಳ. ಕಾಯಿಗೆ ಕಾಯಿ ತಾಗುವುದಿಲ್ಲ, ತೇವದ ನೆಲ ತಾಗುವುದಿಲ್ಲ, ನಾಲ್ಕೂ ಕಡೆ ಗಾಳಿಯಾಡುತ್ತದೆ. ಸಾವಿರ ಕಾಯಿಗಳ ಉಗ್ರಾಣದಲ್ಲಿ ತೂಗುಹಾಕುವುದು ಸಾಧ್ಯವಾಗದಿದ್ದರೂ ಮರದ ಪಟ್ಟಿಗಳ ಹಲಗೆಯ ಮೇಲೆ ಹುಲ್ಲು ಹಾಸಿ ಒಂದೇ ಪದರದಲ್ಲಿ ಜೋಡಿಸುವುದು ಸಾಧ್ಯ. ರಾಶಿ ಹಾಕಿದರೆ ಕೆಳಗಿನ ಕಾಯಿ ಜಜ್ಜುತ್ತದೆ. ಒಂದು ಸೋರಿದರೆ ಅದರ ನೀರು ಕೆಳಗಿನವುಗಳ ಮೇಲೆ ಇಳಿಯುತ್ತದೆ.

ಬಲಿತ ಸಿಹಿಗುಂಬಳಕ್ಕೆ 10ರಿಂದ 13 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇಕಡ 50ರಿಂದ 70ರಷ್ಟು ಸಾಪೇಕ್ಷ ಆರ್ದ್ರತೆ ಉತ್ತಮವೆಂದು ಕೊಯ್ಲೋತ್ತರ ತಂತ್ರಜ್ಞಾನ ತಿಳಿಸುತ್ತದೆ. ತಂಪು ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆಯಿಂದ ಆಲೂಗೆಡ್ಡೆಯ ಶೀತಲಗೃಹಗಳಲ್ಲಿ ಕುಂಬಳವನ್ನಿಡುವುದು ತಪ್ಪು. 10 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ವಾರಗಟ್ಟಲೆ ಇರಿಸಿದ ಕಾಯಿಗೆ ಶೀತಾಘಾತವಾಗುತ್ತದೆ. ಒಳಗಿರುವಾಗ ಏನೂ ಕಾಣದು. ಹೊರತೆಗೆದ ಕೆಲವೇ ದಿನಗಳಲ್ಲಿ ಸಿಪ್ಪೆಯ ಮೇಲೆ ತಗ್ಗುಗಳು ಮೂಡಿ, ಅವುಗಳ ಮೂಲಕ ಕೊಳೆತ ಹಬ್ಬುತ್ತದೆ. ಬಾಡಿಗೆಯನ್ನೂ ತೆತ್ತು ಮಾಲನ್ನೂ ಕಳೆದುಕೊಂಡಂತೆ! ಬಯಲುಸೀಮೆಯ ವ್ಯಾಪಾರಿಗೆ ನೆರಳು, ಗಾಳಿ ಇರುವ ಸಾಮಾನ್ಯ ಕೊಠಡಿಯೇ ಮೇಲು. ಮಾಗುತ್ತಿರುವ ಬಾಳೆ, ಮಾವುಗಳ ಪಕ್ಕದಲ್ಲಿ ಮಾತ್ರ ಇಡಬಾರದು. ಅವು ಹೊರಬಿಡುವ ಎಥಿಲೀನ್ ಅನಿಲದಿಂದ ಹಸಿರು ಕುಂಬಳ ಹಳದಿಗೆ ತಿರುಗಿ, ತೊಟ್ಟು ಕಳಚುತ್ತದೆ.

ಎಳೆಯದಾಗಿ ಕೊಯ್ಯುವ ಜುಕಿನಿಗೆ ಇದಾವುದೂ ಅನ್ವಯಿಸುವುದಿಲ್ಲ. ಅದರ ಸಿಪ್ಪೆ ತೆಳು, ಆಯುಷ್ಯ ವಾರ ಎರಡು ವಾರಗಳದು. ಸೀಮೆಬದನೆ ಸುಕ್ಕುಗಟ್ಟಿ ತುದಿಯಲ್ಲಿ ಮೊಳಕೆ ಬಂದರೆ ಹಳತಾಗಿದೆ ಎಂದರ್ಥ.

ಲೆಕ್ಕದ ಮಾತು

ದಾಸ್ತಾನಿನಲ್ಲಿ ಎರಡು ಬಗೆಯ ನಷ್ಟ ಏಕಕಾಲದಲ್ಲಿ ನಡೆಯುತ್ತದೆ. ಉದಾಹರಣೆಗೆ ಕಿಲೋಗೆ 10 ರೂಪಾಯಿಯಂತೆ 2,000 ಕಿಲೋ ಕೊಂಡಿರಿ ಎಂದಿಟ್ಟುಕೊಳ್ಳೋಣ. ನೀರಾರಿ ಶೇಕಡ 10ರಷ್ಟು, ಅಂದರೆ 200 ಕಿಲೋ ತೂಕ ಇಳಿದು, ಕೊಳೆತು 100 ಕಿಲೋ ಹೋದರೆ ಉಳಿಯುವುದು 1,700 ಕಿಲೋ. ಅಸಲೇ ಕಿಲೋಗೆ 11 ರೂಪಾಯಿ 76 ಪೈಸೆಯಾಯಿತು. ಬಾಡಿಗೆ, ಕೂಲಿ, ಬಡ್ಡಿಗಳು ಬೇರೆ. ಮಾರುಕಟ್ಟೆ ಬೆಲೆ 12 ರೂಪಾಯಿಗೆ ಏರಿದಾಗ ಲಾಭವಾಯಿತೆಂದು ತಿಳಿಯುವವರು ಈ ಲೆಕ್ಕವನ್ನು ಹಾಕಿರುವುದಿಲ್ಲ. ವಾರಕ್ಕೊಮ್ಮೆ ಪ್ರತಿ ಕಾಯಿಯ ತೊಟ್ಟನ್ನೂ ತಳವನ್ನೂ ನೋಡಿ, ಸಂಶಯವಿರುವುದನ್ನು ಆ ದಿನವೇ ಬೇರ್ಪಡಿಸಿ ಮಾರಿದರೆ ಎರಡನೆಯ ನಷ್ಟವನ್ನು ಬಹಳಷ್ಟು ತಗ್ಗಿಸಬಹುದು. ಮೊದಲನೆಯದನ್ನು ತಪ್ಪಿಸಲಾಗದು.

ತಯಾರಕರಿಗೆ ಲೆಕ್ಕ ಇನ್ನೂ ಕಠಿಣ. ಮೂರು ಕಿಲೋದ ಒಂದು ಕೆಟ್ಟ ಕಾಯಿ 50 ಕಿಲೋ ತುರಿಯೊಳಗೆ ಸೇರಿದರೆ ನಷ್ಟ ಮೂರು ಕಿಲೋದ್ದಲ್ಲ, ಐವತ್ತಮೂರು ಕಿಲೋದ್ದು. ತಿರುಳನ್ನು ಕುದಿಸಿ ಡಬ್ಬಿಗಳಲ್ಲಿ ತುಂಬುವವರು ವಿಶೇಷ ಎಚ್ಚರ ವಹಿಸಬೇಕು. ಕುಂಬಳ ಹುಳಿಯಿಲ್ಲದ ಪದಾರ್ಥ, ಅದರ ಪಿ.ಎಚ್. ಮೌಲ್ಯ 4.6ಕ್ಕಿಂತ ಮೇಲಿರುತ್ತದೆ. ಗಾಳಿಯಿಲ್ಲದ ಡಬ್ಬಿಯಲ್ಲಿ ಬಾಟುಲಿಸಂ ಎಂಬ ಮಾರಕ ವಿಷಬಾಧೆಯನ್ನು ಉಂಟುಮಾಡುವ ಬ್ಯಾಕ್ಟೀರಿಯಾದ ಬೀಜಾಣುಗಳು ಸಾಮಾನ್ಯ ಕುದಿತದಲ್ಲಿ ಸಾಯುವುದಿಲ್ಲ. ಒತ್ತಡದ ಹಬೆಯ ವ್ಯವಸ್ಥೆಯಿಲ್ಲದ ಘಟಕಗಳು ಈ ಸಾಹಸಕ್ಕೆ ಕೈಹಾಕದೆ, ಸಕ್ಕರೆಯಲ್ಲಿ ಅಥವಾ ಒಣಗಿಸಿ ಕಾಪಿಡುವ ತಯಾರಿಕೆಗಳಿಗೆ ಸೀಮಿತವಾಗಿರುವುದು ಕ್ಷೇಮಕರ.

ಖರೀದಿಯ ಕರಾರಿನಲ್ಲಿ ಒಡೆದು ನೋಡುವ ಹಕ್ಕನ್ನು ಮೊದಲೇ ಬರೆದುಕೊಳ್ಳಬೇಕು. ಲಾರಿಯ ಮೇಲ್ಭಾಗ, ನಡು, ತಳಗಳಿಂದ ತಲಾ ಕೆಲವು ಕಾಯಿಗಳನ್ನು ಎರಡೂ ಕಡೆಯವರ ಎದುರಿಗೆ ಕತ್ತರಿಸಿ, ಕಂಡ ದೋಷಕ್ಕನುಗುಣವಾಗಿ ದರವನ್ನು ಇಳಿಸುವ ಷರತ್ತಿದ್ದರೆ ಆಮೇಲಿನ ವಾದವಿವಾದಗಳಿಗೆ ಎಡೆಯಿರುವುದಿಲ್ಲ. ಲಾರಿಯ ತಳದ ಕಾಯಿಯನ್ನು ತೋರಿಸಲು ಹಿಂದೆಗೆಯುವ ಮಾರಾಟಗಾರನಿಗೆ ಕಾರಣವಿದ್ದೇ ಇರುತ್ತದೆ. ಬಂದ ದಿನಾಂಕ ಮತ್ತು ಊರನ್ನು ಬರೆದ ಚೀಟಿಯನ್ನು ಪ್ರತಿ ಸಾಲಿಗೂ ಅಂಟಿಸಿಟ್ಟರೆ ಹಳೆಯದು ಮೊದಲು ಹೊರಹೋಗುತ್ತದೆ, ದೋಷ ಕಂಡಾಗ ಮೂಲವೂ ಸಿಗುತ್ತದೆ.

ಬೇರ್ಪಡಿಸಿದ ಕೊಳೆತ ಕಾಯಿಗಳನ್ನು ಉಗ್ರಾಣದ ಹಿತ್ತಿಲಿನಲ್ಲಿ ಎಸೆಯದೆ ದೂರದ ಗೊಬ್ಬರದ ಗುಂಡಿಗೆ ಸಾಗಿಸಬೇಕು. ಕಹಿ ಕಾಯಿಗಳನ್ನು ದನಗಳಿಗೂ ಹಾಕಬಾರದು. ಮುಪ್ಪಾದ, ಆದರೆ ಆರೋಗ್ಯವಂತ ಸಿಹಿಗುಂಬಳದ ಬೀಜಗಳನ್ನು ತೊಳೆದು ಒಣಗಿಸಿದರೆ ತಿನಿಸಿನ ತಯಾರಕರಲ್ಲಿ ಅವಕ್ಕೆ ಬೆಲೆಯಿದೆ. ಕೊಳೆತ ಕಾಯಿಯ ಬೀಜವನ್ನು ಅದರೊಡನೆ ಬೆರೆಸುವಂತಿಲ್ಲ.